ಸೂಜಿದಾರ ಏರಿಸಿದರೆ

ನಮ್ಮೂರಿನಲ್ಲಿ ಸುಳ್ಳು ಹೇಳಿದವರಿಗೆ ಬಿಕ್ಕಳಿಕೆ ಬರುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಿದವರಿಗೆ ನೀರು ಕೊಡುತ್ತಾರಂತೆ. ಇಲ್ಲಿ ನೀರು ಕೊಡುವುದಿಲ್ಲ, ತಿರುಗಿ ನೋಡುತ್ತಾರೆ. ಹಾಗಾಗಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನು ಹೊಗಳುವ ಗೋಜಿಗೆ ಹೋಗದೆ ಸುಮ್ಮನೆ ತಿಂದು ಕೈ ತೊಳೆಯುತ್ತಾರೆ. ಸತ್ತವರ ಮನೆಗೆ ಹೋದವರು 'ದೇವರಂಥ ಮನುಷ್ಯ' ಎನ್ನುವ ಮೊದಲು ಒಂದು ಗಳಿಗೆ ಯೋಚಿಸುತ್ತಾರೆ. ನನ್ನದು ಹೊಲಿಗೆ ಅಂಗಡಿ. ಹೊಸ ಕುಪ್ಪಸ ತೊಟ್ಟು ಕನ್ನಡಿಯ ಮುಂದೆ ನಿಂತ ಗಿರಾಕಿ 'ಹೆಂಗ ಕಾಣತೈತಿ ಕಸ್ತೂರಕ್ಕ' ಎಂದು ಕೇಳಿದರೆ ನಾನು ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡುಬಿಡುತ್ತೇನೆ. ಮೂವತ್ತು ವರ್ಷದಿಂದ ನನ್ನ ಅಂಗಡಿ ನಡೆದಿರುವುದು ಅರ್ಧ ಕತ್ತರಿಯಿಂದ, ಅರ್ಧ ಆ ಪಿನ್ನುಗಳಿಂದ.

ಜಗಳ ತಂಟೆಗಳೆಲ್ಲ ಚಾವಡಿಯಲ್ಲಿ ತೀರುತ್ತವೆ. ಇಬ್ಬರನ್ನೂ ನಿಲ್ಲಿಸಿ ಮಾತಾಡಿಸುತ್ತಾರೆ, ಹಿರಿಯರು ಕಿವಿಗೊಟ್ಟು ಕೇಳುತ್ತಾರೆ, ಅಷ್ಟೇ. ಪುಸ್ತಕದಲ್ಲಿ 'ಹೇಳಿದ, ಬಿಕ್ಕಲಿಲ್ಲ' ಅಥವಾ 'ಹೇಳಿದ, ಬಿಕ್ಕಿದ' ಎಂದು ಒಂದು ಸಾಲು ಬೀಳುತ್ತದೆ. ಬರೆದ ಮಾತಿಗೆ ಬಿಕ್ಕಳಿಕೆ ಇಲ್ಲವಾದ್ದರಿಂದ ಕಾಗದ ಪತ್ರ ತಂದವರನ್ನು ಯಾರೂ ನಂಬುವುದಿಲ್ಲ. ಹೋಗಿ ನೋಡಿ ಬರೋಣ ಎಂದು ಎದ್ದು ಹೊರಟವರನ್ನೂ ನಾನು ಕಂಡಿಲ್ಲ. ಕಿವಿಯೊಂದೇ ಸಾಕಾಗಿರುವ ಊರಿನಲ್ಲಿ ಕಣ್ಣಿಗೇನು ಕೆಲಸ?

ಇಂಥ ಊರಿನಲ್ಲಿ ಹಣಮವ್ವನ ಮಗ ಫಕೀರಪ್ಪ ಹುಟ್ಟಿದ. ಅವನಿಗೆ ನಿಜ ಹೇಳಿದರೂ ಬಿಕ್ಕಳಿಕೆ ಬರುತ್ತಿತ್ತು. ತೊಟ್ಟಿಲಲ್ಲಿ ಅಳುವಾಗಲೂ ಬಿಕ್ಕುತ್ತಿದ್ದನೆಂದು ಅವನ ತಾಯಿ ಹೇಳುತ್ತಿದ್ದಳು. ಶಾಲೆಯಲ್ಲಿ 'ಎರಡೆರಡಲಿ ನಾಲ್ಕು' ಎಂದು ಬಿಕ್ಕಿದ್ದಕ್ಕೆ ಮಾಸ್ತರರು, ನಿನಗೇ ನಂಬಿಕೆ ಇಲ್ಲದ ಲೆಕ್ಕ ಯಾಕೆ ಹೇಳುತ್ತೀ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. 'ನನಗೆ ಸುಮ್ಮಸುಮ್ಮನೆ ಬರುತ್ತದೆ' ಎಂದು ಅವನು ಎಲ್ಲರಿಗೂ ಹೇಳಿ ನೋಡಿದ. ಹಾಗೆ ಹೇಳುವಾಗಲೂ ಬಿಕ್ಕಿದ. ಊರಿನವರು ಕೆಟ್ಟವರೇನಲ್ಲ. ಬಿಕ್ಕಳಿಕೆ ಸುಮ್ಮನೆ ಬರುತ್ತಿದ್ದರೂ ಬರುತ್ತಿರಬಹುದು, ಆದರೆ ಇವನ ಯಾವ ಮಾತು ಖರೆ, ಯಾವುದು ಸುಳ್ಳು ಎಂದು ನಮಗೆ ಹೇಗೆ ಗೊತ್ತಾಗಬೇಕು ಎಂದು ತಲೆ ಕೊಡವಿದರು. ಹೀಗೆ ಅವನ ಮಾತು ಚಲಾವಣೆ ಇಲ್ಲದ ನಾಣ್ಯವಾಯಿತು. ಎರಡು ಕಡೆ ಕನ್ಯೆ ನೋಡಿದರು. ಎರಡೂ ಕಡೆ 'ಕುಡಿತೀಯೇನಪಾ' ಎಂಬ ಪ್ರಶ್ನೆಗೆ 'ಇಲ್ರಿ' ಎಂದ, ಬಿಕ್ಕಿದ. ಮೂರನೆಯ ಕಡೆ ಹೋಗಲಿಲ್ಲ. ಅವನು ಹನಿ ಸಹ ಮುಟ್ಟಿದವನಲ್ಲ.

ನನ್ನ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಸೀರೆಯ ಅಂಚು ಮಡಿಸುವುದು ಅವನ ಕೆಲಸ. ಸೀರೆಗಳನ್ನು ತೂಗುಹಾಕಿದ ಗಳುವಿನ ಹಿಂದೆ, ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಮಾಡಿದ ಕಾಜಾದಲ್ಲಿ ಒಂದು ಎಳೆ ಹೆಚ್ಚು ಕಡಿಮೆ ಆದದ್ದನ್ನು ನಾನು ಕಂಡಿಲ್ಲ. ಅದನ್ನು ಕಂಡೂ ಅವನ ಮಾತಿನ ಬಗ್ಗೆ ಮಾತ್ರ ನನಗೆ ಬೇರೆ ಏನೂ ಹೊಳೆಯಲಿಲ್ಲ ಎನ್ನುವುದು ಈಗ ನೆನೆದರೆ ನನಗೇ ಸೋಜಿಗ.

ಅವನಿಗೆ ಇದ್ದದ್ದು ಒಬ್ಬನೇ ಗೆಳೆಯ, ಚೆಲುವಯ್ಯ. ದಕ್ಷಿಣದ ಯಾವುದೋ ನಾಲೆಯ ಸೀಮೆಯಿಂದ ನಮ್ಮ ಕೆರೆಗೆ ನೀರುಗಂಟಿಯಾಗಿ ಬಂದವನು. ತೂಬು ತೆಗೆಯುವುದು, ಮುಚ್ಚುವುದು, ಯಾರ ಹೊಲಕ್ಕೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವನ ಪಾಲಿಗೆ. ಹೊರಗಿನಿಂದ ಬಂದವರಿಗೆ ನಮ್ಮ ಬಿಕ್ಕಳಿಕೆ ಹತ್ತುವುದಿಲ್ಲ. ಅವರು ಹಸಿಸುಳ್ಳು ಹೇಳಿದರೂ ಗಂಟಲು ತಣ್ಣಗಿರುತ್ತದೆ. ಹೀಗಾಗಿ ಚೆಲುವಯ್ಯನ ಮಾತಿಗೂ ಊರಿನಲ್ಲಿ ಬೆಲೆ ಇರಲಿಲ್ಲ. ಸದಾ ಬಿಕ್ಕುವವನೊಬ್ಬ, ಎಂದೂ ಬಿಕ್ಕದವನೊಬ್ಬ, ಇಬ್ಬರೂ ಸಂಜೆ ಕೆರೆಯ ಏರಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಮೊದಲ ಸಲ ಫಕೀರಪ್ಪ ಎದುರಿಗೆ ಬಿಕ್ಕಿದಾಗ ಚೆಲುವಯ್ಯ, "ಯಾರೋ ನಿನ್ನ ನೆನೆಸ್ಕೋತಾ ಅವ್ರೆ ಕಣಯ್ಯ" ಎಂದನಂತೆ. ಮೂವತ್ತು ವರ್ಷ ಬಿಕ್ಕಿ ಬಿಕ್ಕಿ ತಲೆ ತಗ್ಗಿಸಿದ್ದವನಿಗೆ ಆ ಮಾತು ಹೇಗೆ ಕೇಳಿಸಿರಬೇಕು, ನೋಡಿ.

ಅವರ ಗೆಳೆತನ ಮೂರು ವರ್ಷದ್ದು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಊರು ಏಳುವ ಹೊತ್ತಿಗೆ ಕೆರೆ ಬರಿದಾಗಿತ್ತು. ನೀರೆಲ್ಲ ತೂಬಿನಿಂದ ಹರಿದು ಹಳ್ಳ ಸೇರಿತ್ತು, ಮೀನುಗಳು ಕೆಸರಿನಲ್ಲಿ ಬಾಲ ಬಡಿಯುತ್ತಿದ್ದವು. ಬೇಸಿಗೆಗೆ ಇನ್ನೂ ಎರಡು ತಿಂಗಳಿತ್ತು. ಚಾವಡಿಯ ಹಿರಿಯರು ಆಗ ಸಂಗನಬಸಪ್ಪನವರು. ಊರಿನ ಒಬ್ಬೊಬ್ಬರನ್ನೂ ನಿಲ್ಲಿಸಿ, ತೂಬು ತೆಗೆದದ್ದು ನೀನೇನು ಎಂದು ಕೇಳಿದರು. ಒಬ್ಬೊಬ್ಬರೂ ಅಲ್ಲ ಎಂದರು. ನಾನೂ ಅಂದೆ. ಯಾರೂ ಬಿಕ್ಕಲಿಲ್ಲ. ಉಳಿದವನು ಚೆಲುವಯ್ಯ. ಅವನು, ನಾಲ್ಕು ಗಂಟೆಗೆ ತೂಬು ಮುಚ್ಚಿ ಬೀಗ ಹಾಕಿದೆ, ಆಮೇಲೆ ಅತ್ತ ಹೋಗಿಲ್ಲ ಎಂದ. ಬಿಕ್ಕಲಿಲ್ಲ, ಆದರೆ ಅವನು ಬಿಕ್ಕುವವನೇ ಅಲ್ಲವಲ್ಲ. ಈ ಊರಿನವರು ಯಾರಾದರೂ ನೋಡಿದ್ದಾರೆಯೇ ಎಂದು ಸಂಗನಬಸಪ್ಪನವರು ಕೇಳಿದರು. ಫಕೀರಪ್ಪ ಎದ್ದು ನಿಂತ. ಬೀಗ ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ ಎಂದ. ಎಂದವನು ಬಿಕ್ಕಿದ. ಜನ ಗೊಳ್ಳೆಂದು ನಕ್ಕರು. ಪುಸ್ತಕದಲ್ಲಿ ಸಾಲು ಬಿತ್ತು, ತಪ್ಪು ಚೆಲುವಯ್ಯನದೆಂದು ತೀರಿ ಅವನ ಕೆಲಸ ಹೋಯಿತು. ಮಾರನೆಯ ದಿನ ಚೆಲುವಯ್ಯ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದ. ಯಾರ ಕಡೆಯೂ ನೋಡಲಿಲ್ಲ. ಬಸ್ಸಿನ ಹತ್ತಿರ ನಿಂತಿದ್ದ ಫಕೀರಪ್ಪನ ಕಡೆಯೂ ನೋಡಲಿಲ್ಲ.

ಹನ್ನೊಂದು ವರ್ಷ ಕಳೆಯಿತು. ಹಳೆಯ ತೂಬನ್ನು ಹೂಳಿನಲ್ಲಿ ಬಿಟ್ಟು ಪಕ್ಕದಲ್ಲಿ ಹೊಸ ಕಲ್ಲಿನ ತೂಬು ಕಟ್ಟಿಸಿದರು. ಸಂಗನಬಸಪ್ಪನವರ ಕಿವಿ ಮಂದವಾಯಿತು. ಬಿಕ್ಕಳಿಕೆ ಕೇಳಿಸದ ಮೇಲೆ ಚಾವಡಿಯಲ್ಲಿ ಕೂತು ಏನು ಮಾಡಬೇಕು ಎಂದು ಅವರೇ ಗದ್ದುಗೆ ಬಿಟ್ಟರು. ಫಕೀರಪ್ಪ ಕಾಜಾ ಹಾಕುತ್ತಲೇ ಇದ್ದ. ಆಮೇಲೆ ಊರಿಗೆ ಫೋನಿನ ಇಸ್ಪೀಟಾಟ ಬಂತು.

ಪೋಕರ್ ಎಂದು ಅದರ ಹೆಸರು. ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎಲೆ ಚೆನ್ನಾಗಿದ್ದರೆ ಪಣ ಏರಿಸಬೇಕು, ಇಲ್ಲದಿದ್ದರೆ ಕೈ ಬಿಡಬೇಕು. ಮಿಕ್ಕವರೆಲ್ಲ ಬಿಟ್ಟರೆ ಉಳಿದವನು ಎಲೆ ತೋರಿಸದೆಯೇ ಗೆದ್ದಂತೆ. ನಮ್ಮವರು ಕೂರುತ್ತಿದ್ದದ್ದು ಎಲ್ಲಕ್ಕಿಂತ ಸಣ್ಣ ಮೇಜಿನಲ್ಲಿ. ಅಲ್ಲಿ ಏರಿಸುವುದಕ್ಕೂ ಮಿತಿ ಇತ್ತು, ಒಂದು ಸಲಕ್ಕೆ ಒಂದೇ ರೂಪಾಯಿ, ಕೊನೆಯ ಎರಡು ಸುತ್ತಿಗೆ ಎರಡು. ದೊಡ್ಡ ಮೊತ್ತ ಎಸೆದು ಎದುರಿನವರನ್ನು ಬೆದರಿಸುವ ಹಾಗಿಲ್ಲ, ಯಾರೂ ಮನೆ ಮಾರಿಕೊಳ್ಳುವ ಹಾಗೂ ಇಲ್ಲ. ದಿನವಿಡೀ ಸೋತರೆ ಸಂಜೆಯ ಚಹಾ ತಪ್ಪಬಹುದು, ಅಷ್ಟೇ. ಎಲ್ಲರಿಗೂ ಒಂದೊಂದು ಸುಳ್ಳು ಹೆಸರು, ಮುಖ ಕಾಣುವುದಿಲ್ಲ.

ಏರಿಸುವುದೆಂದರೆ 'ನನ್ನ ಹತ್ತಿರ ಎಲೆ ಇದೆ' ಎಂದು ಹೇಳಿದಂತೆ. ಆದರೆ ಗುಂಡಿ ಒತ್ತಿದರೆ ಬಿಕ್ಕಳಿಕೆ ಬರುವುದಿಲ್ಲ! ಇದು ತಿಳಿದ ದಿನ ಊರಿಗೆ ಹುಚ್ಚು ಹಿಡಿಯಿತು. ಹುಟ್ಟಿದಾಗಿನಿಂದ ಒಂದು ಸುಳ್ಳನ್ನು ನೆಟ್ಟಗೆ ಹೇಳಲಾಗದೆ ಇದ್ದ ಜನ. ಕೈಯಲ್ಲಿ ಆಟದ ಅತಿ ಕೆಟ್ಟ ಎಲೆಗಳಾದ ಏಳು, ಎರಡು ಇಟ್ಟುಕೊಂಡು ಏರಿಸಿದರು. ಮೂರು, ಎಂಟು ಇಟ್ಟುಕೊಂಡು ಏರಿಸಿದ ಮೇಲೆ ಮತ್ತೆ ಏರಿಸಿದರು. ಜೋರಾಗಿ ಕೆಮ್ಮಲೂ ಸಂಕೋಚಪಡುತ್ತಿದ್ದ ಪೋಸ್ಟ್ ಮಾಸ್ತರರು ಒಂದು ಕೈಯನ್ನೂ ಬಿಡುತ್ತಿರಲಿಲ್ಲ. ಸೂಲಗಿತ್ತಿ ಗಿರಿಜವ್ವ ಹೆರಿಗೆಮನೆಯ ಹೊರಗೆ ಕೂತು ಎಲೆಯನ್ನು ನೋಡದೆಯೇ ಏರಿಸುತ್ತಿದ್ದಳು. ನಾನೂ ಕಮ್ಮಿ ಇರಲಿಲ್ಲ. 'ಮಹಾರಾಣಿ' ಎಂದು ಹೆಸರಿಟ್ಟುಕೊಂಡು ಮಧ್ಯಾಹ್ನ ಮೂರರಿಂದ ಐದರವರೆಗೆ ಬಾಯ್ತುಂಬ, ಅಂದರೆ ಬೆರಳ ತುಂಬ, ಸುಳ್ಳು ಹೇಳುತ್ತಿದ್ದೆ. ಅದರ ಸುಖವೇ ಬೇರೆ.

ಫಕೀರಪ್ಪನೂ ಆಟಕ್ಕೆ ಸೇರಿದ. 'ಸೂಜಿದಾರ' ಎಂದು ಹೆಸರು. ಅದು ಅವನೇ ಎಂದು ನನಗೆ ಮಾತ್ರ ಗೊತ್ತಿತ್ತು, ಫೋನಿಗೆ ಆಟ ಹಾಕಿಕೊಟ್ಟದ್ದು ನಾನೇ ಆದ್ದರಿಂದ. ಅವನ ಆಟ ನೋಡಿದರೆ ಮೊದಮೊದಲು ನನಗೆ ನಗು ಬರುತ್ತಿತ್ತು. ಎಲೆ ಬರುತ್ತಿತ್ತು, ಬಿಡುತ್ತಿದ್ದ. ಮತ್ತೆ ಬರುತ್ತಿತ್ತು, ಮತ್ತೆ ಬಿಡುತ್ತಿದ್ದ. ನಡುವೆ ಎರಡು ಕಾಜಾ ಮುಗಿಸುತ್ತಿದ್ದ. ಎಂದೋ ಒಮ್ಮೆ ಎಕ್ಕದ ಜೋಡಿಯೋ, ರಾಜ ರಾಣಿಯೋ ಬಂದರೆ ಏರಿಸುತ್ತಿದ್ದ. ಯಾರೂ ನಂಬುತ್ತಿರಲಿಲ್ಲ. ತಾವೆಲ್ಲ ಸುಳ್ಳಾಡುತ್ತಿರುವಾಗ ಇವನೊಬ್ಬ ನಿಜ ಹೇಳುತ್ತಿರಬಹುದೆಂದು ಯಾರಿಗೆ ಹೊಳೆದೀತು? ಒಂದು ರೂಪಾಯಿಗೆ ಯಾಕೆ ಹೆದರಬೇಕು ಎಂದು ಎಲ್ಲರೂ ಹಣ ಕಟ್ಟಿ ಬೆನ್ನಿಗೆ ಬೀಳುತ್ತಿದ್ದರು. ಕೊನೆಯಲ್ಲಿ ಎಲೆ ತೆರೆದಾಗ ಸೂಜಿದಾರನ ಕೈಯಲ್ಲಿ ಎಲೆ ಇದ್ದೇ ಇರುತ್ತಿತ್ತು. ಜೀವನವಿಡೀ ಅವನನ್ನು ಮೂಲೆಗೆ ಕೂರಿಸಿದ್ದ ಅಪನಂಬಿಕೆಯೇ ಇಲ್ಲಿ ಅವನ ಸಂಜೆಯ ಚಹಾಕ್ಕೆ ದಾರಿಯಾಯಿತು.

ಯಾವಾಗಲೂ ಗೆಲ್ಲುತ್ತಿದ್ದ ಎಂದಲ್ಲ. ಏಳು, ಎರಡು ಹಿಡಿದು ಬೆನ್ನಿಗೆ ಬಿದ್ದವನಿಗೆ ನಡುವೆ ಒಂದು ಏಳಿದ್ದು, ಕೊನೆಯ ಎಲೆಯಲ್ಲಿ ಇನ್ನೊಂದು ಏಳು ಬಿದ್ದು ಎಕ್ಕದ ಜೋಡಿ ಮಣ್ಣುಪಾಲಾಗುವುದೂ ಇತ್ತು. ಅಂಥ ಹೊತ್ತಿನಲ್ಲಿ ನಾನಾಗಿದ್ದರೆ ಫೋನು ಎಸೆಯುತ್ತಿದ್ದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. ಬೇಜಾರಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಕೈಯಲ್ಲಿ ನಿಜ ಇಟ್ಟುಕೊಂಡು ಸೋಲುವುದು ತನಗೇನು ಹೊಸದೇ ಎಂದ.

ನಾಲ್ಕು ತಿಂಗಳಾಗಿರಬೇಕು. ಒಂದು ದಿನ ಅವನು ತಾನಾಗಿ ಮಾತೆತ್ತಿದ. 'ಹಳೇಕಂಬ' ಎಂಬ ಹೆಸರಿನವರೊಬ್ಬರು ಮೇಜಿನಲ್ಲಿ ಇದ್ದಾರೆ, ಎಲ್ಲರ ಜೊತೆ ಜಗ್ಗಾಡುತ್ತಾರೆ, ಆದರೆ ಸೂಜಿದಾರ ಏರಿಸಿದ ತಕ್ಷಣ ಕೈ ಬಿಡುತ್ತಾರೆ ಎಂದ. ಒಂದು ಸಲ ಅಲ್ಲ, ವಾರಗಟ್ಟಲೆ ನೋಡಿದ್ದಾನೆ. ಅದಕ್ಕೇನೀಗ, ನಿನಗೆ ಒಂದೆರಡು ರೂಪಾಯಿ ನಷ್ಟ ಎಂದೆ. ಅವನು ಅದಲ್ಲ ಎಂಬಂತೆ ತಲೆಯಾಡಿಸಿದ.

"ನಾ ಹೇಳಿದ್ದನ್ನ ಒಬ್ಬರು ನಂಬಾಕತ್ತ್ಯಾರ, ಅಕ್ಕಾ," ಎಂದ. ಹೇಳಿ ಬಿಕ್ಕಿದ. ನಾನು ಅಭ್ಯಾಸಬಲದಿಂದ ಅದನ್ನೂ ಅರ್ಧ ನಂಬಿದೆ, ಅರ್ಧ ಬಿಟ್ಟೆ.

ಆಮೇಲಿನ ದಿನಗಳಲ್ಲಿ ಅವನು ಹಳೇಕಂಬ ಇದ್ದಾಗ ಮಾತ್ರ ಹೆಚ್ಚು ಹೊತ್ತು ಕೂರುತ್ತಿದ್ದ. ಗೆಲುವು ಕಡಿಮೆಯಾಯಿತು, ಮುಖ ಮಾತ್ರ ಗೆಲುವಾಯಿತು. ಒಮ್ಮೊಮ್ಮೆ ತನ್ನಷ್ಟಕ್ಕೆ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ.

ಒಂದು ಮಧ್ಯಾಹ್ನ ಸಂಗನಬಸಪ್ಪನವರು ಅಂಗಿಯ ಅಳತೆ ಕೊಡಲು ಅಂಗಡಿಗೆ ಬಂದರು. ಎಪ್ಪತ್ತೆಂಟರ ಮೇಲಾಗಿದೆ, ಬೆನ್ನು ಇನ್ನೂ ನೆಟ್ಟಗಿದೆ. ಬೆಂಚಿನ ಮೇಲೆ ಕೂತು, ಕೈ ಉದ್ದ ಚಾಚಿ ಫೋನನ್ನು ದೂರ ಹಿಡಿದು ನೋಡುತ್ತಿದ್ದರು. ಟೇಪು ಹಿಡಿದು ಹತ್ತಿರ ಹೋದವಳು ಇಣುಕಿದೆ. ನಮ್ಮದೇ ಮೇಜು. ಅವರ ಕೈಯಲ್ಲಿ ರಾಜನ ಜೋಡಿ, ನಡುವೆ ಒಂದು ಎಕ್ಕ, ಕೆಳಗೆ ಹಳೇಕಂಬ ಎಂಬ ಹೆಸರು. ಪರದೆಯ ಮೂಲೆಯಲ್ಲಿ 'ಸೂಜಿದಾರ ಏರಿಸಿದ್ದಾರೆ' ಎಂದು ಮಿನುಗಿತು. ಮುದುಕರು ಒಂದು ಗಳಿಗೆಯೂ ತಡಮಾಡದೆ ಕೈ ಬಿಟ್ಟರು.

ಸೂಜಿದಾರ ಐದು ಮಾರು ದೂರದಲ್ಲಿ, ಸೀರೆಗಳ ಹಿಂದೆ, ಕೂತಿದ್ದ. ಅದು ಸಂಗನಬಸಪ್ಪನವರಿಗೆ ಗೊತ್ತಿರಲಿಲ್ಲ. ನಾನು ಅವರ ಕಿವಿಯ ಹತ್ತಿರ ಬಾಗಿ, ರಾಜನ ಜೋಡಿ ಯಾಕೆ ಬಿಟ್ಟಿರಿ ಎಂದು ಕೂಗಿ ಕೇಳಿದೆ.

"ಸೂಜಿದಾರ ಏರಿಸ್ಯಾನವ್ವ," ಎಂದರು ಅವರು. ಕಿವಿ ಮಂದವಾದವರ ಮಾತು, ಬೀದಿಗೆಲ್ಲ ಕೇಳುವಷ್ಟು ದೊಡ್ಡದು. "ಎಕ್ಕ ಇಲ್ಲದ ಅಂವ ಏರಸೂದಿಲ್ಲ. ನಾಕ ತಿಂಗಳಾತು, ಎಲ್ಲಾರ್ನೂ ನೋಡೀನಿ. ಈ ಊರಾಗ ಸುಳ್ಳ ಹೇಳದ ಮನಷ್ಯಾ ಅಂದ್ರ ಅಂವ ಒಬ್ಬನ."

ಸೀರೆಗಳ ಹಿಂದೆ ಸಿಳ್ಳೆ ನಿಂತಿತು. ಆಮೇಲೆ ಫಕೀರಪ್ಪ ಗಳುವನ್ನು ಸರಿಸಿಕೊಂಡು ಹೊರಗೆ ಬಂದ. ಆ ಹೊತ್ತಿನಲ್ಲಿ ಅವನೊಳಗೆ ಏನು ನಡೆದಿತ್ತೆಂದು ಅವನೇ ಆಮೇಲೆ ನನಗೆ ಹೇಳಿದ. ಅವನ ಕೈಯಲ್ಲಿ ಎಕ್ಕ ಇರಲಿಲ್ಲ. ಇದ್ದದ್ದು ಏಳು ಮತ್ತು ಎರಡು. ಆಟಕ್ಕೆ ಕೂತ ಮೇಲೆ ಅವನು ಆಡಿದ ಮೊದಲ ಸುಳ್ಳು ಅದು. ಎಲೆ ಇದ್ದಾಗ ಒಬ್ಬರು ನಂಬುತ್ತಾರೆ, ಬರಿಗೈಯಲ್ಲಿ ನಿಂತರೂ ನಂಬುತ್ತಾರೆಯೇ ಎಂದು ಒಂದೇ ಒಂದು ಸಲ ನೋಡಬೇಕೆನಿಸಿತ್ತು. ನಂಬಿದರು. ಅದರ ಬೆನ್ನಿಗೇ ಆ ಮಾತು ಕಿವಿಗೆ ಬಿತ್ತು, ಆ ದನಿ ಯಾರದೆಂದೂ ಗೊತ್ತಾಯಿತು. ಸುಮ್ಮನೆ ಕೂತಿದ್ದರೆ ಸೂಜಿದಾರ ಊರಿನ ಒಬ್ಬನೇ ಸತ್ಯವಂತನಾಗಿ ಉಳಿಯುತ್ತಿದ್ದ. ಫಕೀರಪ್ಪ ಹಾಗೆ ಕೂರಲಾರದೆ ಎದ್ದ.

ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುದುಕರ ಮುಂದೆ ನಿಂತು, ಕೇಳಲೆಂದು ದನಿ ಎತ್ತಿ ಹೇಳಿದ. "ಸೂಜಿದಾರ ನಾನ ರೀ, ಯಜಮಾನ್ರ. ಈ ಸಲ ನನ್ನ ಕಡೆ ಎಕ್ಕ ಇರಲಿಲ್ಲ. ನಿಮಗ ಸುಳ್ಳ ಹೇಳೀನಿ."

ಬಿಕ್ಕಿದ. ನನಗೆ ಕೇಳಿಸಿತು, ಸಂಗನಬಸಪ್ಪನವರಿಗೆ ಕೇಳಿಸಲಿಲ್ಲ. ಅವರು ಫೋನಿನಲ್ಲಿದ್ದ ಏಳು, ಎರಡನ್ನು ನೋಡಿದರು, ಆಮೇಲೆ ಅವನ ಮುಖ ನೋಡಿದರು. ಹಣಮವ್ವನ ಮಗನಲ್ಲವೇ ಎಂದರು. ಅವನು ಹೌದೆಂದು ತಲೆಯಾಡಿಸಿದ. ಹೀಗೆ ಎಷ್ಟು ಸಲ ಮಾಡಿದ್ದೀ ಎಂದರು. ಇದೊಂದೇ ಸಲ ಎಂದು ಒಂದು ಬೆರಳು ಎತ್ತಿ ತೋರಿಸಿದ. ಮುದುಕರು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಕೂತರು. ನಾಲ್ಕು ತಿಂಗಳಲ್ಲಿ ಕಂಡ ಕೈಗಳನ್ನೆಲ್ಲ ಅವರು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದರೆಂದು ತೋರುತ್ತದೆ. ಆಮೇಲೆ ತಲೆ ಎತ್ತಿ ಮೆಲ್ಲಗೆ, ಅವರ ಮಟ್ಟಿಗೆ ಮೆಲ್ಲಗೆ, ಕೇಳಿದರು.

"ತೂಬಿಂದು? ಅವತ್ತ ನೀ ಹೇಳಿದ್ದನ್ನ ಇನ್ನೊಮ್ಮೆ ಹೇಳ."

ಫಕೀರಪ್ಪ ಹೇಳಿದ. ನಾಲ್ಕು ಗಂಟೆ, ಏರಿಯ ಮೇಲಿನ ಬಿಸಿಲು, ಹಲಗೆ ಇಳಿಸಿದ್ದು, ಸರಪಳಿ ಸುತ್ತಿದ್ದು, ಬೀಗ ಒತ್ತಿದಾಗ ಚೆಲುವಯ್ಯನ ಹೆಬ್ಬೆರಳು ಸಿಕ್ಕಿ ಅವನು ಬೈದದ್ದು. ಹನ್ನೊಂದು ವರ್ಷದ ಹಿಂದೆ ಚಾವಡಿಯಲ್ಲಿ ಇಷ್ಟನ್ನೂ ಹೇಳಲು ಅವನಿಗೆ ಆಗಿರಲಿಲ್ಲ, ಮೊದಲ ವಾಕ್ಯಕ್ಕೇ ನಗು ಎದ್ದಿತ್ತು. ಈಗ ಸಾಲುಸಾಲಿಗೂ ಬಿಕ್ಕುತ್ತ ಕೊನೆಯವರೆಗೂ ಹೇಳಿದ. ಸಂಗನಬಸಪ್ಪನವರು ಅವನ ಕಣ್ಣನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಅಳತೆಯನ್ನೂ ಕೊಡದೆ ಎದ್ದು ಹೊರಟುಹೋದರು.

ನಾಲ್ಕು ದಿನ ಫಕೀರಪ್ಪ ಆಟ ತೆಗೆಯಲಿಲ್ಲ. ಮೊದಲ ಸಲ ತಪ್ಪಿ ಒಂದು ಕುಪ್ಪಸಕ್ಕೆ ಕಾಜಾವನ್ನು ಎಡಗಡೆಗೆ ಹಾಕಿಟ್ಟ. ನಂಬಿದ್ದವರು ಒಬ್ಬರೇ, ಅವರಿಗೂ ಸುಳ್ಳು ಹೇಳಿದೆನಲ್ಲ ಎಂದು ಒಂದೇ ಮಾತನ್ನು ಎರಡು ಸಲ ಹೇಳಿದ. ನಾನು ಕಾಜಾ ಬಿಚ್ಚುತ್ತ ಕೂತೆ. ಸಮಾಧಾನ ಹೇಳೋಣವೆಂದರೆ ನನ್ನ ಗಂಟಲಿನದೇ ನನಗೆ ಹೆದರಿಕೆ.

ಸೋಮವಾರ ಬೆಳಿಗ್ಗೆ ಸಂಗನಬಸಪ್ಪನವರು ಚಾವಡಿ ಕೂಡಿಸಿದರು. ಈಗಿನ ಹಿರಿಯರ ಪಕ್ಕದಲ್ಲಿ ನಿಂತು, ಕೆರೆ ಬರಿದಾದ ವರ್ಷದ ಪುಸ್ತಕ ತರಿಸಿ ಎಂದರು. ಗುಜುಗುಜು ಎದ್ದಿತು. ಅವರು ಅದನ್ನು ಲೆಕ್ಕಿಸದೆ, ಫೋನಿನಲ್ಲಿ ಸೂಜಿದಾರನ ಜೊತೆ ಆಡಿದವರು ಕೈ ಎತ್ತಿರಿ ಎಂದರು. ಇಂಥ ಪ್ರಶ್ನೆಯನ್ನು ಚಾವಡಿ ಎಂದೂ ಕೇಳಿರಲಿಲ್ಲ. ಪೋಸ್ಟ್ ಮಾಸ್ತರರ ಕೈ ಮೊದಲು ಎದ್ದಿತು. ಗಿರಿಜವ್ವ, ಪೂಜಾರಿ, ಫೋನಿನಂಗಡಿಯವನು, ನಾನು, ಹೀಗೆ ಎದ್ದು ಎದ್ದು ನಲವತ್ತರ ಹತ್ತಿರ ಕೈ. ಸೂಜಿದಾರ ಏರಿಸಿ, ಕೊನೆಗೆ ಎಲೆ ತೆರೆದಾಗ ಬರಿಗೈ ಇದ್ದದ್ದನ್ನು ಯಾರಾದರೂ ಕಂಡಿದ್ದೀರಾ ಎಂದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿಸಿದರು. ಇಲ್ಲ, ಇಲ್ಲ, ಇಲ್ಲ. ಒಂದು ಗಂಟಲೂ ಬಿಕ್ಕಲಿಲ್ಲ. ಪೋಸ್ಟ್ ಮಾಸ್ತರರಂತೂ, ಅವನನ್ನು ನಂಬದೆ ನಾನು ಕಳೆದುಕೊಂಡ ಚಹಾಗಳಿಗೆ ಲೆಕ್ಕವಿಲ್ಲ ಎಂದು ಸೇರಿಸಿದರು.

ಆಗ ಸಂಗನಬಸಪ್ಪನವರು ಬಾಗಿಲ ಹತ್ತಿರ ಕೂತಿದ್ದ ಫಕೀರಪ್ಪನ ಕಡೆ ಕೈ ತೋರಿಸಿದರು. ಆ ಸೂಜಿದಾರ ಇವನೇ ಎಂದರು.

ಚಾವಡಿಯೇ ಬಾಗಿಲ ಕಡೆ ತಿರುಗಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತೇನೋ. ಆದರೆ ಫಕೀರಪ್ಪ ಎದ್ದು ನಿಂತು, ಒಂದು ಸಲ ಬರಿಗೈಯಲ್ಲಿ ಏರಿಸಿದ್ದೇನೆ, ಅದನ್ನು ಯಜಮಾನರಿಗೆ ತೋರಿಸಿದ್ದೇನೆ ಎಂದ. ಬಿಕ್ಕಿದ. ಯಾರೋ ನಕ್ಕರು. ಹಿಂದಿನಿಂದ ಒಬ್ಬರು, ಬಿಕ್ಕಿದನಲ್ಲ, ಈಗ ಯಾವುದನ್ನು ಹಿಡಿಯೋಣ ಎಂದು ಕೇಳಿದರು. ಅದೇ ಹಳೆಯ ಪ್ರಶ್ನೆ.

ನನಗೆ ಏನಾಯಿತೋ ಗೊತ್ತಿಲ್ಲ, ನಾನು ಎದ್ದೆ. "ಹದಿನೆಂಟು ವರ್ಷ ಇವನ ಎದುರಿಗೆ ಕುಂತೀನ್ರಿ," ಎಂದೆ. "ಅಂಗಡಿ ಕೀಲಿ ಇವನ ಕೈಯಾಗ ಕೊಟ್ಟ ಹೋಗತೇನಿ. ಒಂದ ಗುಂಡಿ ಕಡಿಮಿ ಆಗಿಲ್ಲ. ಆದ್ರೂ ಇವನ ಒಂದ ಮಾತು ನಾ ನಂಬಿಲ್ಲ. ತಪ್ಪ ಇವನ ಗಂಟಲದ್ದಲ್ಲ, ನಮ್ಮ ಕಿವೀದು." ನನಗೆ ಬಿಕ್ಕಳಿಕೆ ಬರಲಿಲ್ಲ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಪುಸ್ತಕ ಬಂತು. ಈಗಿನ ಹಿರಿಯರು, ಮೊದಲು ಹೂಳು ತೆಗೆಸಿ ಹಳೆಯ ತೂಬನ್ನೇ ನೋಡಿಬಿಡೋಣ, ಆಮೇಲೆ ಬರೆದರಾಯಿತು ಎಂದರು. ನೋಡೋಣ ಎಂಬ ಮಾತು ನಮ್ಮ ಚಾವಡಿಯಲ್ಲಿ ಬಂದದ್ದು ಅದೇ ಮೊದಲಿರಬೇಕು. ಸಂಗನಬಸಪ್ಪನವರು ಒಪ್ಪಲಿಲ್ಲ.

"ಅಗದ ನೋಡಿ ಬರದ್ರ ಹಲಗೀನ ನಂಬಿದಂಗಾತು, ಇವನ್ನಲ್ಲ," ಎಂದರು. "ಮೊದಲ ಬರೀತೇನಿ. ಆಮ್ಯಾಲ ಅಗೀರಿ."

ಹನ್ನೊಂದು ವರ್ಷದ ಹಿಂದೆ ತಾವೇ ಬರೆದ ಸಾಲಿನ ಕೆಳಗೆ ಬರೆದರು. 'ಹೇಳಿದ. ಬಿಕ್ಕಿದ. ನಂಬಿದೆ.' ಅದರ ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು.

ಮಾರನೆಯ ದಿನ ಏಳೆಂಟು ಜನ ಸಲಿಕೆ ಹಿಡಿದು ಕೆರೆಗೆ ಇಳಿದರು. ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದಿತ್ತು. ಎದೆಯುದ್ದ ಹೂಳು ತೆಗೆದ ಮೇಲೆ ಹಳೆಯ ತೂಬಿನ ಬಾಯಿ ಕಂಡಿತು. ಸರಪಳಿ ತುಕ್ಕು ಹಿಡಿದು ಕೆಂಪಗಾಗಿತ್ತು, ಆದರೆ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಹಲಗೆ ಮಾತ್ರ ಕೆಳಗಿನ ಅರ್ಧ ಇರಲಿಲ್ಲ. ಒಳಗಿನಿಂದ ಕೊಳೆತು, ನೀರಿನ ಭಾರಕ್ಕೆ ಮುರಿದು ಹೋಗಿತ್ತು. ಯಾರೂ ತೂಬು ತೆಗೆದಿರಲಿಲ್ಲ. ಊರಿನವರೆಲ್ಲ 'ನಾನಲ್ಲ' ಎಂದದ್ದು ನಿಜವೇ, ಚೆಲುವಯ್ಯ ಎಂದದ್ದೂ ನಿಜ. ಇಷ್ಟು ಜನರೂ ನಿಜ ಹೇಳಿರಬಹುದೆಂದು ಆಗ ಒಬ್ಬರಿಗೂ ತೋಚಿರಲಿಲ್ಲ. ಕೆಸರು ಮೆತ್ತಿದ ಬೀಗವನ್ನು ಫಕೀರಪ್ಪ ಬೊಗಸೆಯಲ್ಲಿ ಹಿಡಿದು ಕೂತುಬಿಟ್ಟ.

ಚೆಲುವಯ್ಯನಿಗೆ ಸಂಗನಬಸಪ್ಪನವರೇ ಕಾಗದ ಬರೆದರು. ನಮ್ಮೂರಿನವರು ಕಾಗದ ನಂಬುವುದಿಲ್ಲ, ಆದರೆ ಅವನ ಸೀಮೆಯಲ್ಲಿ ನಂಬುತ್ತಾರಂತೆ. ಮೂರು ವಾರಕ್ಕೆ ಒಂದು ಕಾರ್ಡು ಬಂತು. ಬರುತ್ತೇನೆ, ಉಳಿಯುವ ಮಾತು ಬಂದ ಮೇಲೆ, ಎಂದಿತ್ತು. ಫಕೀರಪ್ಪನ ಹೆಸರು ಅದರಲ್ಲಿ ಇರಲಿಲ್ಲ. ಅವನು ಆ ಕಾರ್ಡನ್ನು ಎಷ್ಟು ಸಲ ತಿರುವಿ ಮುರುವಿ ನೋಡಿದನೋ.

ಇತ್ತ ಆಟದ ಮೇಜಿನಲ್ಲಿ ಅವನ ಕಥೆ ಕೆಟ್ಟಿತ್ತು. ಸೂಜಿದಾರ ಯಾರೆಂದು ಊರಿಗೆಲ್ಲ ಗೊತ್ತಾದ ಮೇಲೆ ಅವನು ಏರಿಸಿದರೆ ಸಾಕು, ಐದು ಜನರೂ ಒಟ್ಟಿಗೆ ಕೈ ಬಿಟ್ಟು ಓಡುತ್ತಿದ್ದರು. ಎಕ್ಕದ ಜೋಡಿ ಹಿಡಿದು ಒಂದೇ ರೂಪಾಯಿ ಗೆದ್ದು ಅವನು ನಗುತ್ತಿದ್ದ. ಅವನು ಹಾಗೆ ಬಾಯಿ ತೆರೆದು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಗಡಿಗೆ ಬಂದ ಹೆಂಗಸರು, ಸೀರೆ ಯಾವತ್ತಿಗೆ ಆಗುತ್ತದೆ ಎಂದು ನನ್ನನ್ನು ಬಿಟ್ಟು ಅವನನ್ನು ಕೇಳತೊಡಗಿದರು. ಗುರುವಾರ ಎಂದು ಬಿಕ್ಕುತ್ತಿದ್ದ. ಅವರು ಗುರುವಾರ ಬರುತ್ತಿದ್ದರು.

ಚೆಲುವಯ್ಯ ಬರುವ ದಿನ ಫಕೀರಪ್ಪ ಬೆಳಿಗ್ಗೆ ಏಳಕ್ಕೇ ಬಸ್ ನಿಲ್ದಾಣಕ್ಕೆ ಹೋಗಿ ಕೂತ. ಬಸ್ಸು ಇದ್ದದ್ದು ಒಂದು ಗಂಟೆಗೆ. ನಾನು ಅಂಗಡಿ ಮುಚ್ಚಿ ಹನ್ನೆರಡರ ಸುಮಾರಿಗೆ ಹೋದೆ. ಅವನಿಗೆ ಇದ್ದ ಹೆದರಿಕೆ ಒಂದೇ. ಊರು ಏನಾದರೂ ಬರೆದುಕೊಳ್ಳಲಿ, ಅಂದು ಫಕೀರಪ್ಪನ ಬಿಕ್ಕಳಿಕೆಯಿಂದಲೇ ನಾನು ಹಾಳಾದೆ ಎಂದು ಚೆಲುವಯ್ಯ ಅಂದುಕೊಂಡಿದ್ದರೆ? ತಾನು ಅವನಿಗೆ ಹನ್ನೊಂದು ವರ್ಷ ಒಂದು ಸಾಲು ಬರೆಯದೆ ಕೂತದ್ದೂ ಅದಕ್ಕೇ ಎಂದ. ನಾನು ಪಿನ್ನು ಕಚ್ಚಿಕೊಳ್ಳದೆಯೇ ಸುಮ್ಮನಿದ್ದೆ.

ಬಸ್ಸು ಬಂತು. ಕೊನೆಗೆ ಇಳಿದವನು ಚೆಲುವಯ್ಯ. ಕೂದಲು ಅರ್ಧ ನರೆತಿದೆ, ಹೊಟ್ಟೆ ಸ್ವಲ್ಪ ಬಂದಿದೆ, ಕೈಯಲ್ಲಿ ಟ್ರಂಕಿನ ಬದಲು ಒಂದು ಬಟ್ಟೆಯ ಚೀಲ. ಅವನು ಸುತ್ತ ನೋಡಿದ. ಚಾವಡಿಯವರು ಹಾರ ಹಿಡಿದು ಆ ಕಡೆ ನಿಂತಿದ್ದರು, ಸಂಗನಬಸಪ್ಪನವರು ಕೋಲೂರಿ ಮುಂದೆ ಬರುತ್ತಿದ್ದರು. ಚೆಲುವಯ್ಯ ಅವರಿಗೆ ಅಲ್ಲಿಂದಲೇ ಕೈ ಮುಗಿದು, ಈ ಕಡೆ ತಿರುಗಿ ನೆಟ್ಟಗೆ ಫಕೀರಪ್ಪನ ಎದುರು ಬಂದು ನಿಂತ. ಫಕೀರಪ್ಪ ಎದ್ದು ನಿಂತ.

"ಊಟ ಆಯ್ತೇನಯ್ಯಾ?" ಎಂದ ಚೆಲುವಯ್ಯ.

"ಆತು," ಎಂದ ಫಕೀರಪ್ಪ.

ಬಿಕ್ಕಳಿಕೆ ಬರುವುದನ್ನು ಚೆಲುವಯ್ಯ ಕಾಯಲಿಲ್ಲ. ಮುಖ ನೋಡಿಯೇ, "ಎಲ್ಲಿ ಆಯ್ತು, ಆಗಿಲ್ಲ ಬಿಡು. ನಡಿ," ಎಂದು ಅವನ ಭುಜ ಹಿಡಿದು ಎದುರಿನ ಖಾನಾವಳಿಯ ಕಡೆ ತಿರುಗಿಸಿದ. ಬೆಳಗಿನಿಂದ ಫಕೀರಪ್ಪ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಚಾವಡಿಯವರು ಹಾರ ಹಿಡಿದು ನಿಂತೇ ಇದ್ದರು. ಊಟ ಆಗಲಿ, ಬರುತ್ತಾರೆ ಎಂದು ನಾನು ಅವರಿಗೆ ಹೇಳಿದೆ.